ಒಂದೇ ಚಾಪೆಯ ಮೇಲೆ

ಕಲಿಸುವುದು ದೊಡ್ಡವರ ಕೆಲಸ, ಕಲಿಯುವುದು ಮಕ್ಕಳ ಕೆಲಸ ಎಂದು ನಾವೆಲ್ಲರೂ ನಂಬಿಕೊಂಡು ಬಂದಿದ್ದೇವೆ. ಶಾಲೆಯಲ್ಲಿ ಮೇಜಿನ ಆಚೆ ಗುರುಗಳು, ಈಚೆ ಮಕ್ಕಳು. ಮನೆಯಲ್ಲಿ ಕುರ್ಚಿಯ ಮೇಲೆ ತಂದೆ, ನೆಲದ ಮೇಲೆ ಪಾಠ ಒಪ್ಪಿಸುವ ಮಗು. ಈ ಅಂತರ ಕೆಲವೊಮ್ಮೆ ಅಗತ್ಯವೂ ಹೌದು. ಆದರೆ ತಂದೆ, ತಾಯಿ, ಮಕ್ಕಳು ಎಲ್ಲರೂ ಒಂದೇ ಚಾಪೆಯ ಮೇಲೆ ಕುಳಿತು, ಅವರಲ್ಲಿ ಯಾರಿಗೂ ಗೊತ್ತಿಲ್ಲದ ಒಂದು ವಿದ್ಯೆಯನ್ನು ಮೊದಲಿನಿಂದ ಕಲಿಯತೊಡಗಿದರೆ ಏನಾಗುತ್ತದೆ? ಧಾರವಾಡದ ನಮ್ಮ ಮನೆಯಲ್ಲಿ ನಡೆದ ಅಂಥ ಕಲಿಕೆಯ ವಿಚಾರವನ್ನು ನಿಮ್ಮೊಡನೆ ಹಂಚಿಕೊಳ್ಳಬೇಕೆಂದು ಈ ಮಾತುಗಳನ್ನು ಬರೆಯುತ್ತಿದ್ದೇನೆ.

ನಮ್ಮ ಇಬ್ಬರು ಮಕ್ಕಳು ಮನೆಯಲ್ಲಿಯೇ ಓದುತ್ತಾರೆ. ಇದು ಯಾವುದೋ ತತ್ತ್ವವನ್ನು ಹಿಡಿದು ಕೈಗೊಂಡ ನಿರ್ಧಾರವಲ್ಲ. ನಮ್ಮ ಮಗ ಎಡಗೈಯವನು. ಅವನು ಹೋಗುತ್ತಿದ್ದ ಶಾಲೆಯಲ್ಲಿ ಬಲಗೈಯಿಂದಲೇ ಬರೆಯಬೇಕೆಂಬ ಒತ್ತಾಯವಿತ್ತು. ಎಡಗೈ ಪೆನ್ಸಿಲಿಗೆ ಹೋದಾಗಲೆಲ್ಲ ಅಡಿಪಟ್ಟಿಯ ಏಟು ಬೀಳುತ್ತಿತ್ತು. ಎಂಟು ವರ್ಷದ ಹುಡುಗ ಕ್ರಮೇಣ ಬರೆಯುವುದನ್ನೇ ನಿಲ್ಲಿಸಿದ. ಆಮೇಲೆ ಮಾತೂ ಕಡಿಮೆಯಾಯಿತು. ಊಟಕ್ಕೆ ಕುಳಿತಾಗ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಳ್ಳುವ ಮಗುವನ್ನು ನೋಡಿ ಸುಮ್ಮನಿರಲು ಯಾವ ತಾಯಿಗಾದರೂ ಸಾಧ್ಯವೇ? ಅವನನ್ನು ಮನೆಗೆ ಕರೆತಂದೆವು. ಮರುವರ್ಷ ಹನ್ನೊಂದು ವರ್ಷದ ಅಕ್ಕನೂ ತಾನು ಮನೆಯಲ್ಲಿಯೇ ಓದುವೆನೆಂದಳು.

ಬಂಧುಗಳು ಆತಂಕಪಟ್ಟರು. ಅವರ ಆತಂಕಕ್ಕೆ ಕಾರಣವೂ ಇತ್ತು. 2009ರ ಶಿಕ್ಷಣ ಹಕ್ಕು ಕಾಯಿದೆ 6ರಿಂದ 14 ವರ್ಷದ ಎಲ್ಲ ಮಕ್ಕಳಿಗೂ ಶಾಲೆಯ ಬಾಗಿಲು ತೆರೆದ ಮಹತ್ವದ ಕಾನೂನು. ಮನೆಯಲ್ಲಿ ಓದುವ ಮಕ್ಕಳ ವಿಚಾರವಾಗಿ ಅದು ಸ್ಪಷ್ಟವಾಗಿ ಏನನ್ನೂ ಹೇಳುವುದಿಲ್ಲ. ಮುಂದೆ ಪರೀಕ್ಷೆ ಬರೆಯಬಯಸುವವರಿಗೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ದಾರಿ ಇದೆ. 14 ವರ್ಷ ತುಂಬಿದವರು ಅಲ್ಲಿ ಹತ್ತನೆಯ ತರಗತಿಯ ಪರೀಕ್ಷೆಗೆ ಕುಳಿತುಕೊಳ್ಳಬಹುದು. ಇಷ್ಟನ್ನು ತಿಳಿಸಿ ಹಿರಿಯರನ್ನು ಸಮಾಧಾನಪಡಿಸಿದೆವು. ಆದರೆ ನಮ್ಮ ಮುಂದಿದ್ದ ನಿಜವಾದ ಪ್ರಶ್ನೆ ಬೇರೆಯಾಗಿತ್ತು. ತನ್ನ ಕೈಯ ಬಗ್ಗೆಯೇ ನಾಚಿಕೆ ಹುಟ್ಟಿದ ಮಗುವಿಗೆ ಆ ಕೈಯ ಮೇಲೆ ಮತ್ತೆ ನಂಬಿಕೆ ಬರುವುದು ಹೇಗೆ? ಪುಸ್ತಕ ತೆರೆದರೆ ಮುಖ ತಿರುಗಿಸುತ್ತಿದ್ದವನಿಗೆ ಮೊದಲು ಪುಸ್ತಕವಲ್ಲದ ಯಾವುದಾದರೂ ಕೆಲಸ ಬೇಕಾಗಿತ್ತು.

ಆ ಕೆಲಸ ನಮ್ಮ ಓಣಿಯಲ್ಲಿಯೇ ಇತ್ತು. ನಾಲ್ಕು ಮನೆ ಆಚೆ ಒಬ್ಬ ವೃದ್ಧೆ ವಾಸವಾಗಿದ್ದರು. ಮಕ್ಕಳು ಅವರನ್ನು ಅಜ್ಜಿ ಎಂದೇ ಕರೆಯುತ್ತಿದ್ದರು. ಅವರಿಗೆ ಕಸೂತಿ ಬರುತ್ತಿತ್ತು. ಹೆಣ್ಣುಮಕ್ಕಳು ಮದುವೆಯಾಗಿ ದೂರದ ಊರುಗಳಲ್ಲಿದ್ದರು. ಅವರಲ್ಲಿ ಯಾರೂ ಅದನ್ನು ಕಲಿತಿರಲಿಲ್ಲ. ಕಣ್ಣು ಮಂದವಾಗುತ್ತಿದ್ದುದರಿಂದ ಅಜ್ಜಿ ತಾವೂ ಸೂಜಿ ಹಿಡಿಯುವುದನ್ನು ಬಿಟ್ಟಿದ್ದರು. ಮಕ್ಕಳಿಗೆ ಕಲಿಸಿಕೊಡುವಿರಾ ಎಂದು ಕೇಳಿದಾಗ ಅವರು ಒಂದು ಷರತ್ತು ಹಾಕಿದರು: “ಬರೇ ಹುಡುಗೂರನ್ನ ಕಳಿಸಬ್ಯಾಡ್ರಿ. ನೀವಿಬ್ಬರೂ ಬರ್ರಿ. ಮನ್ಯಾಗ ಯಾರಿಗೂ ಗೊತ್ತಿರದ ವಿದ್ಯಾ ಮಕ್ಕಳಿಗೆ ನಿಲ್ಲಂಗಿಲ್ಲ.” ಹೀಗಾಗಿ ಶನಿವಾರ ಮಧ್ಯಾಹ್ನ ಕಚೇರಿಯಿಂದ ಬಂದ ನಾನೂ, ನನ್ನ ಪತ್ನಿಯೂ, ಮಕ್ಕಳೂ ಅವರ ಪಡಸಾಲೆಯ ಚಾಪೆಯ ಮೇಲೆ ಸಾಲಾಗಿ ಕುಳಿತುಕೊಳ್ಳತೊಡಗಿದೆವು.

ಕಸೂತಿ ಎಂದರೆ ಕೈ ಮತ್ತು ಸೂತಿ, ಅಂದರೆ ಕೈಯಿಂದ ಹತ್ತಿಯ ನೂಲಿನಲ್ಲಿ ಮಾಡುವ ಕೆಲಸವೆಂದು ಹೇಳುತ್ತಾರೆ. ಧಾರವಾಡ, ಬೆಳಗಾವಿ, ವಿಜಯಪುರ, ಬಾಗಲಕೋಟೆಯ ಸೀಮೆಯಲ್ಲಿ ಇಳಕಲ್ ಸೀರೆಯ ಸೆರಗಿನ ಮೇಲೂ ಕುಪ್ಪಸದ ಖಣದ ಮೇಲೂ ಹೆಂಗಸರು ಇದನ್ನು ಹಾಕುತ್ತ ಬಂದಿದ್ದಾರೆ. ಮದುವೆಯ ಹೆಣ್ಣಿಗೆ ಕಸೂತಿಯಿಂದ ಅಲಂಕರಿಸಿದ ಕಪ್ಪು ಚಂದ್ರಕಾಳಿ ಸೀರೆಯನ್ನು ಕೊಡುವ ಪದ್ಧತಿ ಇತ್ತು. ಗೋಪುರ, ತೇರು, ಪಲ್ಲಕ್ಕಿ, ಆನೆ, ನವಿಲು, ತುಳಸಿಕಟ್ಟೆ, ತೊಟ್ಟಿಲು ಇವೇ ಅದರ ಚಿತ್ರಗಳು. ಅಂದರೆ ಹೆಣ್ಣುಮಗಳೊಬ್ಬಳು ತನ್ನ ಹೊಸ್ತಿಲಿನಿಂದ ಜಾತ್ರೆಯವರೆಗೆ ಕಂಡದ್ದೆಲ್ಲವೂ ಅದರಲ್ಲಿ ಸೇರಿದೆ. ಹೊಲಿಗೆಗಳು ನಾಲ್ಕು. ಗಂಟು ಎಂಬ ಮಾತಿನಿಂದ ಬಂದ ಗಾವಂತಿ. ಮೆಟ್ಟಿಲಿನಂತೆ ಓರೆಯಾಗಿ ಏರುವ ಮುರ್ಗಿ. ನೇಯ್ಗೆಯಂತೆ ಕಾಣುವ ನೇಗಿ. ಮೆಂತೆಕಾಳನ್ನು ನೆನಪಿಸುವ ಮೆಂತಿ.

ಈ ಕಲೆಯಲ್ಲಿ ಬಟ್ಟೆಯ ಮೇಲೆ ಚಿತ್ರವನ್ನು ಬರೆದುಕೊಳ್ಳುವಂತಿಲ್ಲ. ನೇಯ್ದ ಬಟ್ಟೆಯ ಎಳೆಗಳನ್ನು ಎಣಿಸಿ ಸೂಜಿ ಹಾಕಬೇಕು. ಆದ್ದರಿಂದ ಹೊಸಬರು ಎಳೆಗಳು ಸ್ಪಷ್ಟವಾಗಿ ಕಾಣುವ ಮ್ಯಾಟಿ ಬಟ್ಟೆಯ ಮೇಲೆ ಆರಂಭಿಸುತ್ತಾರೆ. ಎರಡನೆಯದಾಗಿ, ಎಲ್ಲಿಯೂ ಗಂಟು ಹಾಕುವಂತಿಲ್ಲ. ಗಾವಂತಿಯಲ್ಲಿ ಸೂಜಿ ಹೋಗುವಾಗ ಒಂದು ಹೆಜ್ಜೆ ಮೇಲೆ, ಒಂದು ಹೆಜ್ಜೆ ಕೆಳಗೆ ಸಾಗುತ್ತದೆ. ಹಿಂದಿರುಗುವಾಗ ಅದೇ ದಾರಿಯಲ್ಲಿ ಬಂದು ಬಿಟ್ಟ ಜಾಗಗಳನ್ನು ತುಂಬುತ್ತದೆ. ಆರಂಭಿಸಿದ ಸ್ಥಳಕ್ಕೆ ದಾರ ಮರಳಿ ಬರಲೇಬೇಕು. ಹೀಗೆ ಹಾಕಿದ ಗಾವಂತಿ ಮತ್ತು ಮುರ್ಗಿ ಬಟ್ಟೆಯ ಎರಡೂ ಬದಿಗಳಲ್ಲಿ ಒಂದೇ ರೀತಿಯಾಗಿ ಕಾಣುತ್ತವೆ. ನಾವು ಯಾರೇ ಏನನ್ನು ಮುಗಿಸಿ ಕೊಟ್ಟರೂ ಅಜ್ಜಿ ಹೇಳುತ್ತಿದ್ದ ಮೊದಲ ಮಾತು ಒಂದೇ: “ಬಟ್ಟಿ ತಿರುವಿ ತೋರಸು.” ಕಣ್ಣಿಗೆ ಸರಿಯಾಗಿ ಕಾಣದಿದ್ದರೂ ಬಟ್ಟೆಯ ಹಿಂಬದಿಯ ಮೇಲೆ ಬೆರಳಾಡಿಸಿ ಎಲ್ಲಿ ದಾರ ಹಾರಿದೆ, ಎಲ್ಲಿ ಯಾರು ಕದ್ದು ಗಂಟು ಹಾಕಿದ್ದಾರೆ ಎಂಬುದನ್ನು ಪತ್ತೆಹಚ್ಚುತ್ತಿದ್ದರು. ಆಮೇಲೆ ಬಿಚ್ಚುವುದು. ಬೈಗುಳವಿಲ್ಲ, ಬೇಸರವಿಲ್ಲ; ಬಿಚ್ಚುವುದು ಹೊಲಿಯುವುದರ ಒಂದು ಭಾಗವಷ್ಟೆ ಎಂಬಂತೆ ಇರುತ್ತಿತ್ತು ಅವರ ನಡತೆ.

ಮೊದಲ ದಿನ ಮಗ ಸೂಜಿಯನ್ನು ಬಲಗೈಯಲ್ಲಿ ಹಿಡಿದು ತಡಕಾಡುತ್ತಿದ್ದ. ಅಜ್ಜಿ ಅದನ್ನು ಕಂಡು, “ಆ ಕೈಯಾಗ ಬರದಿದ್ರ ಈ ಕೈಯಾಗ ಹಿಡಿ. ದಾರಕ್ಕೇನು ಎಡಗೈ ಬಲಗೈ ಗೊತ್ತಾಗತದೇನಪ್ಪಾ?” ಎಂದರು. ಅವರಿಗೆ ಅದು ತೀರ ಸಾಮಾನ್ಯವಾದ ಮಾತು. ಗಾವಂತಿಯನ್ನು ಎಡದಿಂದ ಬಲಕ್ಕಾಗಲಿ ಬಲದಿಂದ ಎಡಕ್ಕಾಗಲಿ ಹಾಕಬಹುದು. ಮುಗಿದ ಮೇಲೆ ಯಾವ ಕೈ ಹಾಕಿದ್ದೆಂದು ಯಾರಿಗೂ ತಿಳಿಯದು. ಮಗ ಆ ಮಧ್ಯಾಹ್ನ ಎಡಗೈಯಿಂದ ಹತ್ತು ಹೆಜ್ಜೆ ಹೋಗಿ ಹತ್ತು ಹೆಜ್ಜೆ ಬಂದ. ತಿಂಗಳು ಕಳೆಯುವುದರೊಳಗೆ ಅಜ್ಜಿ ಹೇಳಿದ ಚಿತ್ರವನ್ನು ಚೌಕುಳಿ ಹಾಳೆಯ ಮೇಲೆ ಚುಕ್ಕಿಗಳಲ್ಲಿ ಗುರುತಿಸಿಕೊಳ್ಳಲು ಅವನು ಪೆನ್ಸಿಲನ್ನು ಕೈಗೆತ್ತಿಕೊಂಡ. ನಾವು ಯಾರೂ ಅದರ ಬಗ್ಗೆ ಮಾತಾಡಲಿಲ್ಲ. ಅಕ್ಷರಗಳು ಮತ್ತೆ ಬಂದದ್ದು ಚಿತ್ರಗಳ ಕೆಳಗೆ ಅವುಗಳ ಹೆಸರನ್ನು ಬರೆಯಬೇಕಾಗಿ ಬಂದಾಗ.

ನಮ್ಮ ನಾಲ್ವರಲ್ಲಿ ಮಗಳ ಕೈ ಎಲ್ಲರಿಗಿಂತ ಚುರುಕು, ನಂತರ ಮಗನದು, ಆಮೇಲೆ ನನ್ನ ಪತ್ನಿಯದು; ನಾನು ಯಾವಾಗಲೂ ಕೊನೆಯವನು. ಲೇಖನಿಯನ್ನಷ್ಟೇ ಹಿಡಿದು ಅಭ್ಯಾಸವಾದ ದಪ್ಪ ಬೆರಳುಗಳಿಗೆ ಎಳೆ ಎಣಿಸುವುದು ಸುಲಭವಲ್ಲ. “ಅಪ್ಪಾ, ಇಲ್ಲಿ ನಾಲ್ಕು ಎಳೆ” ಎಂದು ಮಗ ತೋರಿಸಿಕೊಡುತ್ತಿದ್ದ. ತಂದೆಯಾದವನು ನಿಧಾನವಾಗಿ ಕಲಿಯುವುದನ್ನು, ಕೇಳಿ ತಿಳಿಯುವುದನ್ನು, ಬಿಚ್ಚಿ ಮತ್ತೆ ಹಾಕುವುದನ್ನು ಮಕ್ಕಳು ಹತ್ತಿರದಿಂದ ಕಾಣುವ ಸಂದರ್ಭ ನಮ್ಮ ಮನೆಗಳಲ್ಲಿ ಎಷ್ಟು ಇರುತ್ತದೆ? ಸಾಮಾನ್ಯವಾಗಿ ಅವರ ಮುಂದೆ ನಾವು ಎಲ್ಲವನ್ನೂ ತಿಳಿದವರಾಗಿಯೇ ಕಾಣಿಸಿಕೊಳ್ಳುತ್ತೇವೆ. ತಾಳ್ಮೆಯನ್ನು ಕುರಿತು ಹೇಳಿದ ಬುದ್ಧಿಮಾತಿಗಿಂತ, ತಾಳ್ಮೆ ಬೇಕಾದ ಕೆಲಸದಲ್ಲಿ ಅವರ ಪಕ್ಕದಲ್ಲಿ ಕುಳಿತಿದ್ದುದೇ ಅವರಿಗೆ ಹೆಚ್ಚು ತಲುಪಿತೆಂದು ನನಗೆ ಅನಿಸುತ್ತದೆ. ಆಮೇಲೆ ಗಣಿತದ ಪುಸ್ತಕವನ್ನು ತೆರೆದಾಗಲೂ ಗೊತ್ತಿಲ್ಲವೆಂದು ಹೇಳಲು ಅವರು ಅಂಜುತ್ತಿರಲಿಲ್ಲ.

ಈ ಕೆಲಸ ಬೇರೆ ಪಾಠಗಳಿಗೂ ದಾರಿ ತೆರೆಯಿತು. 1937ರ ಅಕ್ಟೋಬರದಲ್ಲಿ ವಾರ್ಧಾದಲ್ಲಿ ನಡೆದ ಶಿಕ್ಷಣ ಸಮ್ಮೇಳನದಲ್ಲಿ ಗಾಂಧೀಜಿಯವರು ನಯೀ ತಾಲೀಮಿನ ವಿಚಾರವನ್ನು ದೇಶದ ಮುಂದಿಟ್ಟರು. ಅದರ ಪಠ್ಯಕ್ರಮವನ್ನು ರೂಪಿಸಿದ ಸಮಿತಿಗೆ ಜಾಕಿರ್ ಹುಸೇನರು ಅಧ್ಯಕ್ಷರಾಗಿದ್ದರು. ಓದು ಮುಗಿದ ಮೇಲೆ ಉಳಿದ ಸಮಯದಲ್ಲಿ ಮಾಡುವ ಹವ್ಯಾಸವಾಗಿ ಅವರು ಕೈಕಸುಬನ್ನು ನೋಡಲಿಲ್ಲ. ಕಸುಬನ್ನೇ ನಡುವೆ ಇಟ್ಟು ಲೆಕ್ಕ, ಭೂಗೋಳ, ಚರಿತ್ರೆಗಳನ್ನು ಅದರ ಸುತ್ತ ಕಲಿಸಬೇಕೆಂಬುದು ಅವರ ಆಶಯವಾಗಿತ್ತು. ಕಸೂತಿಯ ದಾರವನ್ನು ಹಿಡಿದು ಹೊರಟ ನಮಗೂ ಅದರ ಅರ್ಥ ಕೊಂಚಮಟ್ಟಿಗೆ ತಿಳಿಯಿತು. ನೂಲು ಎಲ್ಲಿಂದ ಬಂತೆಂದು ಮಗಳು ಕೇಳಿದಳು. ಹತ್ತಿಯಿಂದ, ಹತ್ತಿ ನಮ್ಮ ಎರೆಮಣ್ಣಿನಿಂದ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಅಲ್ಲಿಯ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ತಲುಪದೆ, ಧಾರವಾಡ ಸೀಮೆಯ ಹತ್ತಿಗೆ ಎಂದೂ ಇಲ್ಲದ ಬೇಡಿಕೆ ಬಂದಿತ್ತು. ಸಾವಿರಾರು ಮೈಲಿ ಆಚೆ ಗುಲಾಮಗಿರಿಯ ಪ್ರಶ್ನೆಗಾಗಿ ನಡೆದ ಯುದ್ಧಕ್ಕೂ ತನ್ನ ಊರಿನ ಹೊಲಕ್ಕೂ ನಂಟಿದೆ ಎಂಬುದನ್ನು ಅವಳು ತಿಳಿದಳು. ಗರಗದ ಖಾದಿಯನ್ನೂ, ಹುಬ್ಬಳ್ಳಿಯ ಬೆಂಗೇರಿಯಲ್ಲಿ ರಾಷ್ಟ್ರಧ್ವಜ ಸಿದ್ಧವಾಗುವುದನ್ನೂ ಕುರಿತು ಓದಿದ್ದೂ ಇದೇ ಎಳೆಯನ್ನು ಹಿಡಿದು. ಒಂದೇ ದಾರದಲ್ಲಿ ಇಡೀ ಚಿತ್ರವನ್ನು ಸುತ್ತಿ ಹೊರಟಲ್ಲಿಗೆ ಬರುವುದು ಹೇಗೆಂಬ ಲೆಕ್ಕವನ್ನು ಬಿಡಿಸುತ್ತ, ಕೋನಿಗ್ಸ್‌ಬರ್ಗ್ ನಗರದ ಏಳು ಸೇತುವೆಗಳನ್ನು ಕುರಿತು ಆಯ್ಲರನು 18ನೆಯ ಶತಮಾನದಲ್ಲಿ ಯೋಚಿಸಿದ ಸಮಸ್ಯೆಯವರೆಗೂ ಹೋದೆವು. ಎಲ್ಲ ಗೆರೆಗಳ ಮೇಲೂ ಎರಡೆರಡು ಸಲ ನಡೆದರೆ ಹೊರಟಲ್ಲಿಗೆ ಮರಳುವುದು ಯಾವಾಗಲೂ ಸಾಧ್ಯ ಎಂಬುದು ಆ ಲೆಕ್ಕದಿಂದ ಹೊರಡುವ ಉತ್ತರ. ಅಜ್ಜಿಗೆ ಅದನ್ನು ಹೇಳಿದಾಗ, “ಅದಕ್ಕ ಅಲ್ಲೇನು ಹೋಗಿ ಬರೂದು” ಎಂದು ನಕ್ಕರು.

ಕಸೂತಿಯ ಜೊತೆಗೆ ಮೇದಾರರ ಓಣಿಯಲ್ಲಿ ಬಿದಿರಿನ ಬುಟ್ಟಿ ಹೆಣೆಯುವುದನ್ನೂ ಕೆಲವು ತಿಂಗಳು ಕಲಿತೆವು. ಒಂದೇ ಪಟ್ಟಿಯಿಂದ ಒಂದರ ಮೇಲೆ, ಒಂದರ ಕೆಳಗೆ ಎಂದು ಸುತ್ತುತ್ತ ಹೋಗಬೇಕಾದರೆ ನಿಲುವಿನ ಕಡ್ಡಿಗಳ ಸಂಖ್ಯೆ ಬೆಸ ಇರಬೇಕು. ಸಮ ಇದ್ದರೆ ಪ್ರತಿ ಸುತ್ತಿನಲ್ಲೂ ಪಟ್ಟಿ ಅದೇ ಕಡ್ಡಿಗಳ ಮೇಲೆ ಬಂದು ಹೆಣಿಗೆ ಕೂಡುವುದಿಲ್ಲ. ಶಾಲೆಯ ಪಾಠದಲ್ಲಿ ಒಣಗಿ ಕುಳಿತಿದ್ದ ಸಮ-ಬೆಸ ಸಂಖ್ಯೆಗಳು ಮಗನ ಕೈಯಲ್ಲಿ ಬುಟ್ಟಿಯಾದವು. ಒಮ್ಮೆ ಮೈಸೂರಿಗೆ ಹೊರಟಾಗ ದಾರಿಯಲ್ಲಿ ಚನ್ನಪಟ್ಟಣದಲ್ಲಿ ಇಳಿದು ಬೊಂಬೆ ಮಾಡುವವರನ್ನು ಕಂಡೆವು. ಹಾಲೆಮರದ ತುಂಡು ಚರಕಿಯ ಮೇಲೆ ತಿರುಗುತ್ತಿರುವಾಗ ಅರಗಿನ ಕಡ್ಡಿಯನ್ನು ಒತ್ತಿದರೆ, ಉಜ್ಜುವಿಕೆಯ ಬಿಸಿಗೇ ಅರಗು ಕರಗಿ ಬಣ್ಣವಾಗಿ ಮೆತ್ತಿಕೊಳ್ಳುತ್ತದೆ. ಆಮೇಲೆ ಗರಿಯೊಂದನ್ನು ಹಿಡಿದು ಹೊಳಪು ಕೊಡುತ್ತಾರೆ. ಅದನ್ನು ಮನೆಯಲ್ಲಿ ಮಾಡಲಾಗದು. ಎಲ್ಲ ವಿದ್ಯೆಗಳೂ ನಮಗೆ ದಕ್ಕಬೇಕಾಗಿಲ್ಲ. ಕೆಲವನ್ನು ಗೌರವದಿಂದ ನೋಡಿ ಬರುವುದೂ ಕಲಿಕೆಯೇ ಎಂದು ಮಕ್ಕಳಿಗೆ ಹೇಳಿದೆ.

ಈಗ ನಮ್ಮ ಮನಸ್ಸನ್ನು ಹೆಚ್ಚು ಕಾಡಿದ ವಿಚಾರಕ್ಕೆ ಬರುತ್ತೇನೆ. ಅಂಗೈಯಗಲದ ಒಂದು ಗೋಪುರವನ್ನು ಹಾಕಲು ಮಗಳಿಗೆ 11 ಗಂಟೆ ಹಿಡಿಯಿತು. ಪಳಗಿದ ಕೈಗೆ ಎಷ್ಟು ಬೇಕೆಂದು ಕೇಳಿದರೆ ಅಜ್ಜಿ 3 ಗಂಟೆ ಎಂದರು. ಆ ದಿನಗಳಲ್ಲಿ ಪ್ರದರ್ಶನವೊಂದರಲ್ಲಿ ಅಂಥ 40 ಗೋಪುರಗಳಿದ್ದ ಸೀರೆಯೊಂದನ್ನು ಕಂಡೆವು. ಮಗಳು ಅಲ್ಲಿಯೇ ಬೆರಳು ಮಡಿಸಿ ಎಣಿಸಿದಳು. 120 ಗಂಟೆ, ದಿನಕ್ಕೆ 8 ಗಂಟೆಯಂತೆ 15 ದಿನಗಳ ದುಡಿಮೆ. ನಮ್ಮ ಓಣಿಯಲ್ಲಿ ಮನೆ ಕಟ್ಟುವವರು ಪಡೆಯುತ್ತಿದ್ದ ದಿನಗೂಲಿಯ ಲೆಕ್ಕದಲ್ಲಿ 15 ದಿನದ ಕೂಲಿ, ಅದರ ಮೇಲೆ ಸೀರೆಯ ಬೆಲೆ, ದಾರದ ಬೆಲೆ, ಮಾರುವವನ ಲಾಭ. ಚೀಟಿಯ ಮೇಲಿದ್ದ ಬೆಲೆ ಅದರ ಹತ್ತಿರಕ್ಕೂ ಬರುತ್ತಿರಲಿಲ್ಲ. ಅಷ್ಟರಲ್ಲಿಯೇ ಗ್ರಾಹಕರೊಬ್ಬರು ಇನ್ನೂ ಕಡಿಮೆ ಮಾಡಿರೆಂದು ಚೌಕಾಸಿ ನಡೆಸಿದ್ದರು. “ಹಾಗಾದರೆ ಹಾಕಿದವರಿಗೆ ಏನು ಸಿಕ್ಕಿತು?” ಎಂದು ಮಗಳು ಕೇಳಿದಳು. ಈ ಪ್ರಶ್ನೆಯನ್ನು ಯಾವ ಪಠ್ಯಪುಸ್ತಕವೂ ಅವಳ ಬಾಯಲ್ಲಿ ಇಟ್ಟಿರಲಿಲ್ಲ. ಆ 11 ಗಂಟೆಗಳೇ ಇಟ್ಟವು.

ಬಿಡುವಿನ ವೇಳೆಯಲ್ಲಿ ನಾವು ಸಂತೋಷಕ್ಕಾಗಿ ಮಾಡುವ ಕೆಲಸವನ್ನೇ ಇನ್ನೊಬ್ಬ ತಾಯಿ ತನ್ನ ಮಕ್ಕಳ ಅನ್ನಕ್ಕಾಗಿ ಮಾಡುತ್ತಾಳೆ. ಈ ವ್ಯತ್ಯಾಸವನ್ನು ಮರೆತರೆ ನಮ್ಮ ಕಲಿಕೆ ಬರೀ ಶೋಕಿಯಾಗುತ್ತದೆ. ಅಂದಿನಿಂದ ಕೈಕೆಲಸದ ವಸ್ತುಗಳ ಮುಂದೆ ಚೌಕಾಸಿ ಮಾಡುವುದಿಲ್ಲವೆಂಬುದು ನಮ್ಮ ಮನೆಯ ನಿಯಮವಾಯಿತು. ಅಜ್ಜಿಗೂ ಮೇದಾರ ಗುರುಗಳಿಗೂ ತಿಂಗಳಿಗೆ ಇಷ್ಟೆಂದು ಗುರುದಕ್ಷಿಣೆಯನ್ನು ಮಕ್ಕಳ ಕೈಯಿಂದಲೇ ಕೊಡಿಸಿದೆವು. ಟ್ಯೂಷನ್ ಮಾಸ್ತರರಿಗೆ ಕೊಡುವುದಾದರೆ ಇವರಿಗೇಕೆ ಕೊಡಬಾರದು? ಕಸೂತಿಗೆ ಇಂದು ಭೌಗೋಳಿಕ ಸೂಚಿಯ ಮಾನ್ಯತೆ ಇದೆ. ಆದರೂ ಯಂತ್ರದಿಂದ ಹಾಕಿದ ಅನುಕರಣೆಗಳು ಅದೇ ಹೆಸರಿನಲ್ಲಿ ಮಾರಾಟವಾಗುತ್ತವೆ. ಗುರುತಿಸುವುದು ಕಷ್ಟವಲ್ಲ: ಬಟ್ಟೆಯನ್ನು ತಿರುವಿ ನೋಡಿ. ಯಂತ್ರದ ಕೆಲಸದಲ್ಲಿ ಹಿಂಬದಿಗೆ ಬೇರೊಂದು ದಾರ ಓಡಿರುತ್ತದೆ.

ಕೈಯ ಕೆಲಸವನ್ನು ಬುದ್ಧಿಯ ಕೆಲಸಕ್ಕಿಂತ ಕೀಳೆಂದು ಕಾಣುವ ಅಭ್ಯಾಸ ನಮ್ಮ ಸಮಾಜದಲ್ಲಿ ಹಳೆಯದು. ಆದರೆ ಪವಿತ್ರ ಗ್ರಂಥ ಹಾಗೆ ಕಾಣುವುದಿಲ್ಲ. ವಿಮೋಚನಕಾಂಡದಲ್ಲಿ ದೇವರ ಆತ್ಮದಿಂದ ತುಂಬಿದವನೆಂದು ಹೆಸರಿಸಲಾದ ಬೆಚಲೇಲನು ಒಬ್ಬ ಕುಶಲಕರ್ಮಿ. ಅವನಿಗೂ ಅವನ ಜೊತೆಗಾರ ಒಹೊಲೀಯಾಬನಿಗೂ ಕೊಡಲಾದ ವರಗಳಲ್ಲಿ ಕಸೂತಿಯೂ ನೇಯ್ಗೆಯೂ ಸೇರಿದ್ದವು. ಅದರ ಜೊತೆಗೆ ಇತರರಿಗೆ ಕಲಿಸುವ ವರವೂ ಇತ್ತು ಎಂಬುದನ್ನು ಗಮನಿಸಬೇಕು. ಪೌಲನು ಕೊರಿಂಥದಲ್ಲಿ ಇಳಿದುಕೊಂಡದ್ದು ಗುಡಾರ ಮಾಡುವ ಅಕ್ವಿಲ ಮತ್ತು ಪ್ರಿಸ್ಕಿಲ್ಲ ಎಂಬ ದಂಪತಿಗಳ ಮನೆಯಲ್ಲಿ. ಅವನದೂ ಅದೇ ಕಸುಬಾದ್ದರಿಂದ ಮೂವರೂ ಕೂಡಿ ದುಡಿದರು. ನಜರೇತಿನ ಜನ ಯೇಸುವನ್ನು ಗುರುತಿಸಿದ್ದಾದರೂ ಬಡಗಿ ಎಂದಲ್ಲವೇ?

ಇಷ್ಟೆಲ್ಲ ಹೇಳಿದ ಮೇಲೆ, ಎಲ್ಲರೂ ಮಕ್ಕಳನ್ನು ಶಾಲೆಯಿಂದ ಬಿಡಿಸಿರೆಂಬುದು ನನ್ನ ಮಾತಿನ ಅರ್ಥವೆಂದು ಯಾರೂ ತಿಳಿಯಬಾರದು. ಇಬ್ಬರಲ್ಲಿ ಒಬ್ಬರು ಮನೆಯಲ್ಲಿರಲು ಅನುಕೂಲವಿರುವ ಸಂಸಾರಕ್ಕೆ ಮಾತ್ರ ಇದು ಸಾಧ್ಯ. ಒಳ್ಳೆಯ ಶಿಕ್ಷಕರ ಕೈಗೆ ಸಿಕ್ಕಿದ ಮಗು ಭಾಗ್ಯಶಾಲಿ. ಓರಗೆಯ ಗೆಳೆಯರ ಕೊರತೆ ನಮ್ಮ ಮಕ್ಕಳಿಗೂ ಇತ್ತು. ಶನಿವಾರದ ಚಾಪೆಗೆ ಓಣಿಯ ಮಕ್ಕಳು ಬರತೊಡಗಿದ ಮೇಲೆ ಅದು ಕಡಿಮೆಯಾಯಿತು. ಅವರೆಲ್ಲ ಶಾಲೆಗೆ ಹೋಗುವ ಮಕ್ಕಳೇ. ಒಟ್ಟಿಗೆ ಕಲಿಯುವುದಕ್ಕೆ ಶಾಲೆ ಅಡ್ಡಿಯಾಗುವುದಿಲ್ಲ. ವಾರದಲ್ಲಿ ಎರಡು ಗಂಟೆ ದೂರದರ್ಶನವನ್ನೂ ಮೊಬೈಲನ್ನೂ ಬದಿಗಿಡಲು ಮನಸ್ಸಿದ್ದರೆ ಸಾಕು.

ಅಜ್ಜಿ ಹೋದ ವರ್ಷ ತೀರಿಕೊಂಡರು. ಅವರ ಬಳಿ ಮಾದರಿಯ ಪುಸ್ತಕವಿರಲಿಲ್ಲ. ಚಿತ್ರಗಳೆಲ್ಲ ಇದ್ದದ್ದು ಒಂದು ಹಳೆಯ ಸೀರೆಯ ಮೇಲೆ, ಉಳಿದವು ಅವರ ನೆನಪಿನಲ್ಲಿ. ಕೊನೆಯ ತಿಂಗಳುಗಳಲ್ಲಿ ಅವರು ಕಣ್ಣು ಮುಚ್ಚಿ ಎಳೆಗಳನ್ನು ಹೇಳುತ್ತ ಹೋಗುತ್ತಿದ್ದರು. ಮಗ ಚೌಕುಳಿ ಹಾಳೆಯ ಮೇಲೆ ಎಡಗೈಯಿಂದ ಗುರುತಿಸುತ್ತ ಹೋಗುತ್ತಿದ್ದ. ಹೀಗೆ 23 ಚಿತ್ರಗಳು ನಮ್ಮ ವಹಿಗೆ ಬಂದವು. ಇನ್ನೂ ಮೂರು ಇದ್ದವು. ಅವುಗಳಲ್ಲಿ ಒಂದು, ಅವರ ತಾಯಿ ಹಾಕುತ್ತಿದ್ದ ತೊಟ್ಟಿಲು. ಅದರ ಅರ್ಧ ಮಾತ್ರ ಹಾಳೆಯ ಮೇಲಿದೆ. ಉಳಿದ ಅರ್ಧವನ್ನು ನಾವೇ ಊಹಿಸಿ ತುಂಬಬಹುದೆಂದು ಮಗಳು ಹೇಳಿದಳು. ಹಾಗೆಯೇ ಇರಲಿ ಎಂದು ಮಗ ಹೇಳಿದ. ಅದು ಹಾಗೆಯೇ ಇದೆ.

ಪ್ರಿಯ ಓದುಗರೇ, ನಿಮ್ಮ ಓಣಿಯಲ್ಲಿಯೂ ಅಂಥವರೊಬ್ಬರು ಇದ್ದೇ ಇರುತ್ತಾರೆ. ಕೌದಿ ಹೊಲಿಯುವ ತಾಯಿ, ಚಾಪೆ ಹೆಣೆಯುವವರು, ಮಗ್ಗದ ಮುಂದೆ ಇನ್ನೂ ಕುಳಿತಿರುವ ನೇಕಾರರು, ತಿಗರಿಯನ್ನು ಅಟ್ಟಕ್ಕೇರಿಸದ ಕುಂಬಾರರು. ಅವರ ಕಣ್ಣು ಮಂದವಾಗುವ ಮುನ್ನ, ಕೈ ನಡುಗುವ ಮುನ್ನ ಒಮ್ಮೆ ಹೋಗಿ ಕೇಳಿ. ಮಕ್ಕಳನ್ನು ಮಾತ್ರ ಕಳುಹಿಸಬೇಡಿ, ನೀವೂ ಹೋಗಿ. ಅವರ ಸಮಯಕ್ಕೆ ತಕ್ಕ ಬೆಲೆಯನ್ನು ಕೊಡಿ. ಮೊದಲ ತಿಂಗಳು ನಿಮ್ಮ ಮಕ್ಕಳು ನಿಮಗಿಂತ ಚೆನ್ನಾಗಿ ಕಲಿತರೆ ಸಂತೋಷಪಡಿ. ನಿಮಗೆ ತಿಳಿಯದ್ದನ್ನು ಅವರನ್ನೇ ಕೇಳಿ.